ಓದುಗರ ಪ್ರಶ್ನೆ: ಸಂಶೋಧನಾ ವಿಧಾನದ ವಿಚಾರಸಂಕಿರಣ ನಡೆಸುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಾವು ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿರುವ ಆರು ಮಂದಿ. ನಾಡಿನ ಬೇರೆ ಬೇರೆ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳನ್ನು ಕರೆದು, ಇತಿಹಾಸ ಸಂಶೋಧನೆಯ ವಿಧಾನಗಳ ಬಗ್ಗೆ ಎರಡು ದಿನಗಳ ವಿಚಾರಸಂಕಿರಣವನ್ನು ಬರುವ ಜನವರಿಯಲ್ಲಿ ನಡೆಸಬೇಕೆಂದಿದ್ದೇವೆ. ವಿಭಾಗದ ಅಧ್ಯಕ್ಷರು ಒಪ್ಪಿದ್ದಾರೆ. ಆದರೆ ನಾವು ಇದುವರೆಗೆ ಹೋಗಿಬಂದ ಸಂಕಿರಣಗಳಲ್ಲಿ ಉದ್ಘಾಟನೆಗೇ ಅರ್ಧ ದಿನ ಹೋಗಿ, ಪ್ರಬಂಧ ಓದುವವರಿಗೆ ಐದು ನಿಮಿಷವೂ ಸಿಗುತ್ತಿರಲಿಲ್ಲ. ನಮ್ಮದು ಹಾಗಾಗಬಾರದು. ಎಲ್ಲಿಂದ ಆರಂಭಿಸಬೇಕು?
(ಸಂಶೋಧನಾ ವಿದ್ಯಾರ್ಥಿಗಳು, ಧಾರವಾಡ)

ಉತ್ತರ: ಪ್ರಬಂಧಗಳಿಗೆ ನೀವು ಕೊಡುವ ಕರೆಯಿಂದ ಆರಂಭಿಸಿ. ನಮ್ಮಲ್ಲಿ ಬರುವ ಬಹುಪಾಲು ಕರೆಗಳಲ್ಲಿ ಶಿಲಾಯುಗದಿಂದ ಪ್ರವಾಸೋದ್ಯಮದವರೆಗೆ ಮೂವತ್ತು ಉಪವಿಷಯಗಳ ಪಟ್ಟಿ ಇರುತ್ತದೆ. ಯಾರನ್ನೂ ಹೊರಗಿಡಬಾರದೆಂಬ ಸದುದ್ದೇಶದಿಂದ ಮಾಡಿದ ಆ ಪಟ್ಟಿಯಿಂದಾಗಿ ಕೊನೆಗೆ ಯಾರ ಪ್ರಬಂಧವೂ ಮತ್ತೊಬ್ಬರ ಪ್ರಬಂಧದೊಡನೆ ಮಾತನಾಡುವುದಿಲ್ಲ. ನಿಮ್ಮ ಸಂಕಿರಣ ವಿಧಾನದ ಬಗ್ಗೆ ಎಂದ ಮೇಲೆ, ಬರುವವರು ತಮ್ಮ ತೀರ್ಮಾನಕ್ಕಿಂತ ಹೆಚ್ಚಾಗಿ ಆ ತೀರ್ಮಾನಕ್ಕೆ ಬಂದ ದಾರಿಯನ್ನು ಮಂಡಿಸಬೇಕು. ಈ ಒಂದು ಮಾತನ್ನು ಕರೆಯಲ್ಲಿ ಸ್ಪಷ್ಟವಾಗಿ ಬರೆದರೆ, ಎಷ್ಟು ಪ್ರಬಂಧ, ಎಷ್ಟು ಹೊತ್ತು, ಯಾರು ಅಧ್ಯಕ್ಷರು ಎಂಬ ಮುಂದಿನ ಪ್ರಶ್ನೆಗಳೆಲ್ಲ ತಾವಾಗಿಯೇ ದಾರಿಗೆ ಬರುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ವಿಜಯನಗರ 1336ರಲ್ಲಿ ಸ್ಥಾಪನೆಯಾಯಿತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಶಕ 1258, ಧಾತು ಸಂವತ್ಸರವೆಂದು ಹೇಳುವ ತಾಮ್ರಶಾಸನಗಳು ಆ ವರ್ಷಕ್ಕೆ ಆಧಾರವಾಗಿದ್ದವು. ಅವು ಮುಂದಿನ ಕಾಲದಲ್ಲಿ ಸೃಷ್ಟಿಯಾದವು ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಇನ್ನೊಂದೆಡೆ, ಹರಿಹರ ಮತ್ತು ಅವನ ಸಹೋದರರು ಒಟ್ಟಾಗಿ ಶೃಂಗೇರಿಗೆ ದತ್ತಿ ಬಿಟ್ಟುದನ್ನು ಹೇಳುವ 1346ರ ಶಾಸನದ ಬಗ್ಗೆ ಅಂಥ ಸಂಶಯವಿಲ್ಲ. ಈ ವಿಷಯದ ಮೇಲೆ ಬರೆಯುವ ವಿದ್ಯಾರ್ಥಿ ‘ಸ್ಥಾಪನೆಯ ವರ್ಷ ಇದು’ ಎಂದು ಹೇಳಿ ಕುಳಿತರೆ ಸಭೆಗೆ ಸಿಗುವುದು ಒಂದು ಅಭಿಪ್ರಾಯ ಮಾತ್ರ. ಒಂದು ತಾಮ್ರಪಟದ ಲಿಪಿ ಯಾವ ಕಾಲದ್ದು, ಭಾಷೆ ಯಾವ ಕಾಲದ್ದು, ಅದರಲ್ಲಿ ಹೇಳಿದ ವಾರ ತಿಥಿಗಳು ಪಂಚಾಂಗದ ಲೆಕ್ಕಕ್ಕೆ ಕೂಡುತ್ತವೆಯೇ, ಅದನ್ನು ಇಟ್ಟುಕೊಂಡಿದ್ದವರಿಗೆ ಅದರಿಂದ ಯಾವ ಹಕ್ಕು ದೊರೆಯುತ್ತಿತ್ತು ಎಂದು ತಾನು ಒಂದೊಂದಾಗಿ ಪರೀಕ್ಷಿಸಿದ ಬಗೆಯನ್ನು ಅವನು ತೋರಿಸಿದರೆ, ಕೆಳದಿಯ ಮೇಲೆ ಕೆಲಸ ಮಾಡುವವರೂ ಕದಂಬರ ಮೇಲೆ ಕೆಲಸ ಮಾಡುವವರೂ ಅದನ್ನು ತಮ್ಮ ಆಕರಗಳ ಮುಂದೆ ಹಿಡಿದು ನೋಡಬಹುದು.

ಆದ್ದರಿಂದ ಸಾರಲೇಖವನ್ನು ಕೇಳುವಾಗಲೇ ಇಷ್ಟನ್ನು ಕೇಳಿ: ಮುಖ್ಯ ಆಕರ ಯಾವುದು, ಅದು ಈಗ ಎಲ್ಲಿದೆ, ನೀವು ನೋಡಿದ್ದು ಮೂಲವನ್ನೋ ಅಚ್ಚಾದ ಪಾಠವನ್ನೋ, ಎಲ್ಲಿ ತೊಡಕಾಯಿತು. ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಿಂದ ಉಲ್ಲೇಖಿಸುವವರು 1886ರಲ್ಲಿ ಬಿ.ಎಲ್. ರೈಸ್ ಆರಂಭಿಸಿದ ಹಳೆಯ ಸಂಪುಟಗಳನ್ನು ನೋಡಿದ್ದಾರೆಯೇ, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳನ್ನು ನೋಡಿದ್ದಾರೆಯೇ ಎಂಬುದು ತಿಳಿಯಲೇಬೇಕು, ಏಕೆಂದರೆ ಶಾಸನದ ಸಂಖ್ಯೆಯೂ ಕೆಲವೆಡೆ ಪಾಠವೂ ಬೇರೆಯಾಗಿರುತ್ತವೆ. ತೊಡಕಿನ ಬಗ್ಗೆ ಕೇಳುವ ಕೊನೆಯ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೆಲಸದಲ್ಲಿ ನಿಜವಾಗಿ ಇಳಿದವರು ಆ ಪ್ರಶ್ನೆಗೆ ಅರ್ಧ ಪುಟ ಬರೆಯುತ್ತಾರೆ, ಇಳಿಯದವರು ಎರಡು ಸಾಲು ಬರೆಯುವುದಕ್ಕೂ ಕಷ್ಟಪಡುತ್ತಾರೆ. ಆಯ್ಕೆ ಮಾಡುವವರಿಗೆ ಅಷ್ಟು ಸಾಕು. ಹೆಸರನ್ನೂ ವಿಶ್ವವಿದ್ಯಾಲಯವನ್ನೂ ಮರೆಮಾಡಿ ಆಯ್ಕೆ ಸಮಿತಿಗೆ ಕೊಡಿ, ಸಮಿತಿಯಲ್ಲಿ ಇಬ್ಬರು ಅಧ್ಯಾಪಕರಿದ್ದರೆ ಇಬ್ಬರು ವಿದ್ಯಾರ್ಥಿಗಳೂ ಇರಲಿ.

ಎರಡು ದಿನಕ್ಕೆ ಹನ್ನೆರಡು ಪ್ರಬಂಧಗಳು ಸಾಕು. ಹದಿನಾಲ್ಕನ್ನು ದಾಟಬೇಡಿ. ಪ್ರತಿಯೊಂದಕ್ಕೂ ಮಂಡನೆಗೆ ಇಪ್ಪತ್ತು ನಿಮಿಷ, ಚರ್ಚೆಗೆ ಇಪ್ಪತ್ತು ನಿಮಿಷ ಇಡಿ. ಇದು ದುಂದು ಎಂದು ನಿಮಗೆ ಯಾರಾದರೂ ಹೇಳಿದರೆ, ಬಹಳ ವರ್ಷಗಳ ಹಿಂದೆ ನಾನು ಅಧ್ಯಕ್ಷತೆ ವಹಿಸಿದ್ದ ಒಂದು ಗೋಷ್ಠಿಯ ವಿಷಯವನ್ನು ಅವರಿಗೆ ತಿಳಿಸಿ. ಒಂದೇ ಮಧ್ಯಾಹ್ನಕ್ಕೆ ಇಪ್ಪತ್ತೆರಡು ಪ್ರಬಂಧಗಳಿದ್ದವು. ಒಬ್ಬ ವಿದ್ಯಾರ್ಥಿನಿ ಒಂದು ದಾನಶಾಸನದ ಮೇಲೆ ಶ್ರಮಪಟ್ಟು ಬರೆದಿದ್ದಳು. ಅದರ ಕಾಲ ಮಾಘ ಮಾಸದ್ದಾಗಿದ್ದರೂ ಶಕವರ್ಷಕ್ಕೆ ಎಲ್ಲರಂತೆ 78 ಕೂಡಿಸಿ ಕ್ರಿಸ್ತಶಕದ ವರ್ಷವನ್ನು ಬರೆದಿದ್ದಳು. ಶಕವರ್ಷ ಮುಗಿಯುವುದು ಫಾಲ್ಗುಣಕ್ಕೆ, ಕ್ರಿಸ್ತವರ್ಷ ಬದಲಾಗುವುದು ಪುಷ್ಯದ ಸುಮಾರಿಗೆ. ಆದ್ದರಿಂದ ಮಾಘದ ದಿನಾಂಕಕ್ಕೆ ಸಾಮಾನ್ಯವಾಗಿ 79 ಕೂಡಿಸಬೇಕಾಗುತ್ತದೆ. ಶಕ 1100, ವಿಳಂಬಿ ಸಂವತ್ಸರದ ಮಾಘವೆಂದರೆ ಅದು 1178 ಅಲ್ಲ, 1179ರ ಆರಂಭ. ಇನ್ನು ಕೆಲವು ಶಾಸನಗಳಲ್ಲಿ ಪೂರ್ತಿ ಮುಗಿದ ಶಕವರ್ಷಗಳನ್ನು ಎಣಿಸುವ ಬದಲು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿರುತ್ತಾರಾದ್ದರಿಂದ ಸಂವತ್ಸರದ ಹೆಸರನ್ನು ಜೊತೆಗಿಟ್ಟು ತಾಳೆ ನೋಡದೆ ವರ್ಷವನ್ನು ಹೇಳುವಂತಿಲ್ಲ. ಆ ಹುಡುಗಿಯ ಮುಂದಿನ ವಾದವೆಲ್ಲ, ಒಬ್ಬ ದಂಡನಾಯಕ ಆ ವರ್ಷ ಅಲ್ಲಿದ್ದನೇ ಇಲ್ಲವೇ ಎಂಬುದರ ಮೇಲೆ ನಿಂತಿತ್ತು. ನನಗೆ ತಪ್ಪು ಕಂಡಿತು, ಆದರೆ ಗಂಟೆ ಬಾರಿಸಿ ಮುಂದಿನವರನ್ನು ಕರೆಯಬೇಕಾಯಿತು. ಆಮೇಲೆ ಊಟದ ಸಾಲಿನಲ್ಲಿ ಹುಡುಕಿದರೆ ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದಳು. ಐದು ನಿಮಿಷದ ಚರ್ಚೆ ಇದ್ದಿದ್ದರೆ ಅವಳ ಮಹಾಪ್ರಬಂಧದ ಒಂದು ಅಧ್ಯಾಯ ಸರಿಹೋಗುತ್ತಿತ್ತು. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಪ್ರಬಂಧಗಳನ್ನು ಮೂರು ವಾರ ಮೊದಲೇ ತರಿಸಿ ಎಲ್ಲರಿಗೂ ಹಂಚಿ, ಪ್ರತಿಯೊಂದನ್ನೂ ಓದಿಬಂದು ಚರ್ಚೆಯನ್ನು ಆರಂಭಿಸಲು ಒಬ್ಬರನ್ನು ಗೊತ್ತುಮಾಡಿ. ಗೋಷ್ಠಿಗಳನ್ನು ಗಂಗ, ರಾಷ್ಟ್ರಕೂಟ, ಹೊಯ್ಸಳ ಎಂದು ರಾಜವಂಶಗಳ ಪ್ರಕಾರ ಹಂಚಬೇಡಿ. ಒಂದೇ ತೊಡಕಿರುವವರನ್ನು ಒಂದೇ ಗೋಷ್ಠಿಗೆ ಹಾಕಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧ ಎದ್ದ ಹಲಗಲಿಯ ಬೇಡರ ಬಗ್ಗೆ ಸರ್ಕಾರದ ದಾಖಲೆಯೂ ಉಂಟು, ಲಾವಣಿಯೂ ಉಂಟು. ಎರಡನ್ನೂ ಎದುರುಬದುರು ಇಟ್ಟುಕೊಂಡು ಕಷ್ಟಪಡುತ್ತಿರುವ ವಿದ್ಯಾರ್ಥಿಯನ್ನು, ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳನ್ನು, ಅಂದರೆ ಊರೂರಿನ ಸ್ಥಳೀಯ ಇತಿಹಾಸದ ಬರಹಗಳನ್ನು, ಶಾಸನಗಳೊಡನೆ ಹೋಲಿಸುತ್ತಿರುವ ವಿದ್ಯಾರ್ಥಿಯ ಪಕ್ಕದಲ್ಲಿ ಕೂರಿಸಿ. ಊರಿನವರು ನೆನಪಿಟ್ಟುಕೊಂಡು ಹೇಳಿದ್ದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಇಬ್ಬರದೂ ಹೌದು.

ಎರಡನೆಯ ದಿನ ಮಧ್ಯಾಹ್ನ ಪ್ರಬಂಧಗಳನ್ನು ನಿಲ್ಲಿಸಿ ಕಮ್ಮಟ ಇಟ್ಟುಕೊಳ್ಳಿ. ವಿಭಾಗದ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದ್ದರೆ, ಸಂಬಂಧಪಟ್ಟವರ ಅನುಮತಿ ಪಡೆದು ಪಡಿಯಚ್ಚು ತೆಗೆಯುವುದನ್ನು ತೋರಿಸಿಕೊಡಿ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಮೆಲ್ಲಗೆ ತಟ್ಟಿ ತಟ್ಟಿ ಅಕ್ಷರದ ಗುಳಿಗಳಿಗೆ ಕೂರಿಸಿ, ಮೇಲೆ ಮಸಿಯ ಉಂಡೆಯನ್ನು ಒತ್ತುತ್ತಾ ಬಂದಾಗ ಕರಿಯ ಕಾಗದದಲ್ಲಿ ಬಿಳಿಯ ಅಕ್ಷರಗಳು ಏಳುತ್ತವೆ. ಅದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ, ಅಚ್ಚಾದ ಸಂಪುಟದಲ್ಲಿ ಚುಕ್ಕೆಗಳಿಟ್ಟು ಬಿಟ್ಟ ಜಾಗದಲ್ಲಿ ಓದುಗನೊಬ್ಬ ಎಷ್ಟು ಹೊತ್ತು ಒದ್ದಾಡಿದ್ದಾನೆ ಎಂಬುದು ಅರ್ಥವಾಗುತ್ತದೆ. ನಿಮ್ಮದು ಧಾರವಾಡವಾದ್ದರಿಂದ ಹಿಂದೆ ಮರಾಠಿ ದಾಖಲೆಗಳನ್ನು ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯನ್ನು ಓದಬಲ್ಲ ಹಿರಿಯರನ್ನೂ ಕರೆಸಿ ಎಂದು ಹೇಳುತ್ತೇನೆ. ಹಿಂದೆ ಮುಂಬಯಿ ಕರ್ನಾಟಕ ಎನ್ನುತ್ತಿದ್ದ ಭಾಗದ ಎಷ್ಟೋ ದಾಖಲೆಗಳು ಆ ಲಿಪಿಯಲ್ಲಿವೆ, ಓದುವವರು ಕಡಿಮೆಯಾಗುತ್ತಿದ್ದಾರೆ. ಮಠಗಳಲ್ಲೂ ದೇಸಾಯಿ, ಕುಲಕರ್ಣಿ ಮನೆಗಳಲ್ಲೂ ಉಳಿದಿರುವ ಕಾಗದಪತ್ರಗಳ ವಿಷಯವೂ ಚರ್ಚೆಗೆ ಬರಲಿ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳನ್ನು ಕಂಡದ್ದು ಸರ್ಕಾರಿ ಪತ್ರಾಗಾರದ ಹೊರಗೆ ಹುಡುಕಿದ್ದರಿಂದಲೇ.

ಉದ್ಘಾಟನೆ ಮುಕ್ಕಾಲು ಗಂಟೆಯಲ್ಲಿ ಮುಗಿಯಲಿ. ಮಾಲೆ, ಶಾಲು, ಸ್ಮರಣಿಕೆಗಳ ಹಣವನ್ನು ದೂರದಿಂದ ಬರುವವರ ಪ್ರಯಾಣವೆಚ್ಚಕ್ಕೆ ಕೊಡಿ.

ಪ್ರಶ್ನೆ: ನಾವು ನಡೆಸುವ ಸಂಕಿರಣದಲ್ಲಿ ಪ್ರಬಂಧಗಳು ಇಂಗ್ಲಿಷಿನಲ್ಲೇ ಇದ್ದರೆ ಬೆಲೆ ಹೆಚ್ಚು ಎಂದು ನಮ್ಮ ಮಾರ್ಗದರ್ಶಕರು ಹೇಳುತ್ತಾರೆ. ಅವರ ಮಾತನ್ನು ಮೀರಲಾರೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ತಮ್ಮ ಅಭಿಪ್ರಾಯವೇನು?
(ಸಂಶೋಧನಾ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಎರಡೂ ಭಾಷೆಗಳಿಗೆ ಅವಕಾಶವಿರಲಿ ಎಂದು ಅವರನ್ನು ವಿನಯದಿಂದ ಒಪ್ಪಿಸಿ. ಹೊರರಾಜ್ಯದವರು ಬರುವುದಾದರೆ ಇಂಗ್ಲಿಷ್ ಬೇಕೇ ಬೇಕು. ಆದರೆ ವಿಧಾನದ ಚರ್ಚೆಗೆ ಆಕರದ ಭಾಷೆಯಿಂದ ದೂರ ಹೋದಷ್ಟೂ ನಷ್ಟ. ಶಾಸನದಲ್ಲಿ ಭೂಮಿಯ ಅಳತೆಯಾಗಿ ‘ಮತ್ತರು’ ಎಂದಿರುವುದನ್ನು ಇಂಗ್ಲಿಷಿಗೆ ತರುವ ಅವಸರದಲ್ಲಿ ಎಕರೆಯ ಲೆಕ್ಕಕ್ಕೆ ಇಳಿಸಿದ ಪ್ರಬಂಧಗಳನ್ನು ನಾನು ಓದಿದ್ದೇನೆ. ಭೂಮಿಯನ್ನು ಅಳೆಯುವ ಘಳೆ (ಅಳತೆಕೋಲು) ಊರಿಂದ ಊರಿಗೆ ಬೇರೆಯಾಗಿರುತ್ತಿತ್ತು, ಯಾವ ಘಳೆಯಿಂದ ಅಳೆದದ್ದು ಎಂದು ಎಷ್ಟೋ ಶಾಸನಗಳು ತಾವಾಗಿಯೇ ಹೇಳುತ್ತವೆ. ಕನ್ನಡದಲ್ಲಿ ಬರೆಯುವಾಗ ಆ ಪದ ಹಾಗೆಯೇ ಉಳಿದು, ‘ಇದು ಎಷ್ಟು?’ ಎಂಬ ಪ್ರಶ್ನೆಯೂ ಅದರೊಡನೆ ಉಳಿಯುತ್ತದೆ. ಕನ್ನಡದಲ್ಲಿ ಇತಿಹಾಸ ಸಂಶೋಧನೆಗೆ ಬೆಲೆಯಿಲ್ಲ ಎಂಬ ಮಾತಿಗೆ ಕರ್ನಾಟಕ ಇತಿಹಾಸ ಅಕಾದೆಮಿಯ ‘ಇತಿಹಾಸ ದರ್ಶನ’ದ ಸಂಪುಟಗಳನ್ನು ತೋರಿಸಿದರೆ ಸಾಕು.

ಒಂದು ಸಣ್ಣ ಆದರೆ ಮುಖ್ಯವಾದ ಸೂಚನೆ: ಕನ್ನಡ ಪ್ರಬಂಧಗಳನ್ನು ಯೂನಿಕೋಡ್‌ನಲ್ಲೇ ಕಳುಹಿಸಬೇಕೆಂದು ಕರೆಯಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬಂದದ್ದನ್ನು ಪರಿವರ್ತಿಸುವಾಗ ಒತ್ತಕ್ಷರಗಳು ಕಲಸಿಹೋಗುತ್ತವೆ. ಶಾಸನಪಾಠದಲ್ಲಿ ಒಂದು ಒತ್ತು ಕೆಟ್ಟರೆ ಅದು ಮುದ್ರಣದ ತಪ್ಪೋ ಮೂಲದ ರೂಪವೋ ಎಂದು ಓದುವವರಿಗೆ ತಿಳಿಯುವುದಿಲ್ಲ.

ಪ್ರಶ್ನೆ: ಹಣ ಎಲ್ಲಿಂದ ತರಬೇಕು? ನೋಂದಣಿ ಶುಲ್ಕ ಇಟ್ಟು, ಬಂದವರಿಗೆಲ್ಲ ಪ್ರಮಾಣಪತ್ರ ಕೊಡುವುದು ಸರಿಯೇ?
(ಎಂ.ಎ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳ ಬಳಗ, ಕಲಬುರಗಿ)

ಉತ್ತರ: ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತು ಸಂಕಿರಣಗಳಿಗೆ ಅನುದಾನ ಕೊಡುತ್ತದೆ, ಅದರ ಪ್ರಾದೇಶಿಕ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಅರ್ಜಿ ವಿಭಾಗದ ಮೂಲಕ ಹೋಗಬೇಕು, ಮಂಜೂರಾತಿಗೆ ತಿಂಗಳುಗಳೇ ಹಿಡಿಯುವುದರಿಂದ ಅದೊಂದನ್ನೇ ನಂಬಿ ದಿನಾಂಕ ಗೊತ್ತುಮಾಡಬೇಡಿ. ಹನ್ನೆರಡು ಪ್ರಬಂಧಗಳ ಸಂಕಿರಣಕ್ಕೆ ವಿದ್ಯಾರ್ಥಿನಿಲಯದ ಕೊಠಡಿಗಳು, ವಿಭಾಗದ ಸಭಾಂಗಣ ಮತ್ತು ಊಟದ ಖರ್ಚು ಒದಗಿದರೆ ನಡೆಯುತ್ತದೆ. ಶಿಷ್ಯವೇತನವಿಲ್ಲದವರಿಂದ ಶುಲ್ಕ ಪಡೆಯಬೇಡಿ.

ಪ್ರಮಾಣಪತ್ರದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಗಳಲ್ಲಿ, ಮಹಾಪ್ರಬಂಧ ಸಲ್ಲಿಸುವ ಮುನ್ನ ಎರಡು ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿರಬೇಕೆಂಬ ಷರತ್ತು ಇತ್ತು. ಕಾಗದಕ್ಕಾಗಿಯೇ ಸಂಕಿರಣಗಳಿಗೆ ಓಡುವ ರೂಢಿಗೆ ಆ ಷರತ್ತು ಬಹಳ ಇಂಬು ಕೊಟ್ಟಿತು. 2022ರ ನಿಯಮಗಳಲ್ಲಿ ಆ ಷರತ್ತಿಲ್ಲ. ನಿಮ್ಮ ವಿಶ್ವವಿದ್ಯಾಲಯ ತಾನಾಗಿ ಅದನ್ನು ಉಳಿಸಿಕೊಂಡಿರಬಹುದು, ಅದನ್ನು ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಪ್ರಬಂಧ ಮಂಡಿಸಿದವರಿಗೂ ಎರಡೂ ದಿನ ಕುಳಿತು ಕೇಳಿದವರಿಗೂ ಪ್ರಮಾಣಪತ್ರ ಕೊಡಿ, ಕೊನೆಯ ಗೋಷ್ಠಿ ಮುಗಿದ ಮೇಲೆಯೇ ಕೊಡಿ. ಅದರ ಜೊತೆಗೆ ಪ್ರತಿ ಪ್ರಬಂಧದ ಮೇಲೆ ನಡೆದ ಚರ್ಚೆಯನ್ನು ಒಬ್ಬರು ಬರೆದುಕೊಂಡು, ಒಂದು ಪುಟದ ಟಿಪ್ಪಣಿಯಾಗಿ ಮಾಡಿ, ಮಂಡಿಸಿದವರ ಕೈಗೆ ಅಂದೇ ಸಂಜೆ ತಲುಪಿಸಿ. ಊರಿಗೆ ಮರಳುವ ರೈಲಿನಲ್ಲಿ ಅವರು ಓದಿಕೊಳ್ಳುವುದು ಆ ಪುಟವನ್ನೇ.