ಆಂಡ್ರಿಯಾ ಬಂದನೋ, ಬಂದಳೋ?

ಪ್ರಶ್ನೆ: ನಮ್ಮ ಕಂಪನಿಯ ಜರ್ಮನಿ ಶಾಖೆಯ ಆಂಡ್ರಿಯಾ ಹೆಂಗಸು, ಇಟಲಿ ಶಾಖೆಯ ಆಂಡ್ರಿಯಾ ಗಂಡಸು. ಹೀಗೇಕೆ? ಹೆಸರಿನ ಅರ್ಥವೇನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅರ್ಥಕ್ಕೆ ಹತ್ತಿರ ಇರುವವರು ಇಟಲಿಯವರೇ. ಗ್ರೀಕಿನಲ್ಲಿ 'ಅನೇರ್' ಎಂದರೆ ಗಂಡಸು. ನಮಗೆ ಗೊತ್ತಿರುವ ಸಂಸ್ಕೃತದ 'ನೃ', 'ನರ' ಅದರ ದಾಯಾದಿಗಳು. ಷಷ್ಠಿಯಲ್ಲಿ ಅದು 'ಆಂದ್ರೋಸ್' ಆಗುತ್ತದೆ. 'ಆಂಡ್ರೆಯಾಸ್' ಎಂಬ ಹೆಸರು ಹುಟ್ಟಿದ್ದು ಆ ರೂಪದ ಮೂಲಭಾಗದಿಂದ. ಇಟಾಲಿಯನ್ನರು ಕೊನೆಯ ಸಕಾರ ಬಿಟ್ಟರು, ಆಂಡ್ರಿಯಾ ಉಳಿಯಿತು. ಲೂಕಾಸ್ ಲೂಕಾ ಆದದ್ದೂ ಹೀಗೆಯೇ. ವಾಸ್ತುಶಿಲ್ಪಿ ಪಲ್ಲಾಡಿಯೊ, ಗಾಯಕ ಬೊಚೆಲ್ಲಿ ಇಬ್ಬರೂ ಆಂಡ್ರಿಯಾಗಳು. ದಂತ್ಯ ದಕಾರ ಹಾಕಿ, 'ದ್ರೇ' ಮೇಲೆ ಒತ್ತು ಕೊಟ್ಟು 'ಅಂದ್ರೇಆ' ಎಂದರೆ ಇಟಲಿಯವರ ಕಿವಿಗೆ ಸರಿ.

ಜರ್ಮನ್ನಿನಲ್ಲಿ ಗಂಡಸಿಗೆ ಆಂಡ್ರೆಯಾಸ್, ಸ್ಪ್ಯಾನಿಷ್‌ನಲ್ಲಿ ಆಂಡ್ರೆಸ್, ಹಂಗೇರಿಯನ್ನಿನಲ್ಲಿ ಆಂಡ್ರಾಶ್ ಇದೆ. ಹಾಗಾಗಿ ಆಕಾರಾಂತ ರೂಪ ಹೆಣ್ಣಿನ ಪಾಲಾಯಿತು. ಇಟಲಿಯಲ್ಲೂ ಈಗ ಹೆಣ್ಣುಮಗುವಿಗೆ ಈ ಹೆಸರಿಡಬಹುದು. ಅಲ್ಲಿನ ಅತ್ಯುನ್ನತ ನ್ಯಾಯಾಲಯ 2012ರಲ್ಲಿ ಒಪ್ಪಿದೆ. ಇಂಥದೇ ತಕರಾರು ಜರ್ಮನಿಯಲ್ಲಿ ನಮ್ಮ 'ಕಿರಣ್' ಬಗ್ಗೆ ಎದ್ದಿತ್ತು. ಗಂಡೋ ಹೆಣ್ಣೋ ತಿಳಿಯದ ಹೆಸರೆಂದು ನೋಂದಣಿ ಕಚೇರಿ ಹೆಣ್ಣುಮಗುವಿಗೆ ನಿರಾಕರಿಸಿತು. 2008ರಲ್ಲಿ ಸಂವಿಧಾನ ನ್ಯಾಯಾಲಯ ಕೊಡಿಸಿತು.

ಜರ್ಮನ್ ಬರವಣಿಗೆಯಲ್ಲಿ ಒಂದು ಕಡೆ ಎಡವುತ್ತೀರಿ. ಷಷ್ಠಿಗೆ ಬರೀ ಸಕಾರ ಹಚ್ಚುವುದರಿಂದ 'ಆಂಡ್ರಿಯಾಳ' ಎಂಬುದೂ 'ಆಂಡ್ರೆಯಾಸ್' ಎಂದೇ ಆಗುತ್ತದೆ! ಗಂಡಸಿನದಾದರೆ ಸಕಾರದ ನಂತರ ಅಪಾಸ್ಟ್ರಫಿ ಕಡ್ಡಾಯ. ಅದಿಲ್ಲದಿದ್ದರೆ ಹೆಂಗಸಿನದು. ಗೊಂದಲ ತಪ್ಪಿಸಲು ಅಂಗಡಿ ಬೋರ್ಡುಗಳಲ್ಲಿ ಹೆಂಗಸಿನ ಹೆಸರಿಗೆ ಸಕಾರದ ಮೊದಲೇ ಅಪಾಸ್ಟ್ರಫಿ ಹಾಕುವುದನ್ನು ನಿಯಮವೂ ಒಪ್ಪುತ್ತದೆ.

ಪ್ರಶ್ನೆ: ಪೋಲೆಂಡಿನ ಕಾಗದಪತ್ರಗಳಲ್ಲಿ ಒಬ್ಬರ ಹೆಸರೇ ಒಂದೊಂದು ಕಡೆ ಒಂದೊಂದು ರೀತಿ ಇದೆ. ಯಾವುದು ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಎಲ್ಲವೂ ಸರಿ. ಅವು ವಿಭಕ್ತಿಗಳು. ಆಂಡ್ರೆಯಾಸ್ ಹೆಸರನ್ನೇ ನೋಡಿ, ಅದರ ಪೋಲಿಷ್ ರೂಪ ಆಂಜೇಯ್. 'ಅವನ', 'ಅವನನ್ನು' ಎನ್ನುವಲ್ಲಿ ಆಂಜೇಯಾ, 'ಅವನಿಗೆ' ಎಂದರೆ ಆಂಜೇಯೊವಿ, 'ಅವನ ಜೊತೆ' ಎಂದರೆ ಆಂಜೇಯೆಮ್, ಕರೆಯುವಾಗ ಆಂಜೇಯು. ಆಂಜೇಯಾ ಕಂಡು ಹೆಂಗಸೆಂದು ತಿಳಿಯುವವರೇ ಹೆಚ್ಚು. ಮನೆತನದ ಹೆಸರನ್ನೂ ನೋಡಿ. 'ನೊವಾಕ್' ಗಂಡಸಿಗಾದರೆ ಷಷ್ಠಿಯಲ್ಲಿ 'ನೊವಾಕಾ' ಆಗುತ್ತದೆ, ಹೆಂಗಸಿಗಾದರೆ 'ನೊವಾಕ್' ಆಗಿಯೇ ಉಳಿಯುತ್ತದೆ. ಅಂದರೆ ಅಲ್ಲಿ ಆಕಾರ ಕಂಡರೆ ಆತ ಗಂಡಸು. ಫಾರ್ಮಿಗೆ ಪ್ರಥಮಾ ವಿಭಕ್ತಿಯನ್ನೇ ತುಂಬಿ, ಪಾಸ್‌ಪೋರ್ಟ್‌ನಲ್ಲಿರುವುದು ಅದೇ.

ಪ್ರಶ್ನೆ: ಕನ್ನಡದಲ್ಲಿ ಬರೆಯುವಾಗ?

ಉತ್ತರ: ಗೊತ್ತಾಗುವ ತನಕ 'ಆಂಡ್ರಿಯಾ ಅವರು ಬಂದರು' ಎನ್ನಿ. ಗೌರವವೂ ಆಯಿತು, ಲಿಂಗದ ತೊಡಕೂ ತಪ್ಪಿತು.