38 ವಾರ ಆತು, ಗರ್ಭಕೋಶದ ಬಾಯಿ ಇನ್ನಾ ಗಟ್ಟಿ ಅದ ಅಂದ್ರು, ಬಿಳಿ ರಕ್ತಕಣ 14 ಸಾವಿರ ಬಂದದ. ಇಮ್ಯುನಿಟಿ ಕಷಾಯ ಕುಡದ್ರ ಬೇಗ ತೆರೀತದಾ?

ಕಷಾಯದ ಪಾತೇಲಿ ಮೊದಲ ಕೆಳಗ ಇಳಸ್ರಿ. ನಿಮ್ಮ ಪ್ರಶ್ನಿ ನಾನೇ ಬರದಂಗ ಅದ. ಮೊದಲನೇ ಕೂಸಿನ ಟೈಮಿಗೆ ಕಲಬುರಗಿ ತೌರುಮನ್ಯಾಗಿದ್ದೆ, ಮೇ ತಿಂಗಳ ಬಿಸಲು, ಕಾಲು ಬಾತು ಚಪ್ಪಲಿ ಹಿಡೀತಿರಲಿಲ್ಲ, ಡಾಕ್ಟರಮ್ಮ ಇನ್ನಾ ಟೈಮ್ ಅದ ಮನಿಗಿ ಹೋಗ್ರಿ ಅಂದ್ರ ನಾ ಕೇಳಬೇಕಲ್ಲ. ಬಾಜೂ ಮನಿ ಕಾಕು "ಹೊಟ್ಟಿ ಜಾಡಿಸಿದ್ರ ಕೂಸೂ ಜಾರ್ತದ" ಅಂದ್ಳು, ಔಡಲ ಎಣ್ಣಿ ಚಹಾದಾಗ ಹಾಕ್ಕೊಂಡು ಮೂಗು ಹಿಡದು ಕುಡದೆ. ರಾತ್ರಿಯೆಲ್ಲಾ ಭೇದಿ. ಹೊಟ್ಟಿ ಹಿಂಡೋದಕ್ಕ ಇದೇ ನೋವು ಅಂತ ಆಟೋ ಹತ್ತಿ ದವಾಖಾನಿಗೆ ಹೋದ್ರ ಬಾಯಿ ಒಂದು ಬೆರಳೂ ತೆರದಿಲ್ಲ, ನನ್ನ ನಾಲಿಗಿ ಒಣಗಿ ಕಟ್ಟಿಗಿ. ಎರಡು ಬಾಟ್ಲಿ ಸಲೈನ್ ಏರಿಸಿ ವಾಪಸ್ ಕಳಸಿದ್ರು.

ತಪ್ಪು ಎಲ್ಲಿ ಆತಂದ್ರ, ನೋವು ಬಂದ್ರ ಬಾಯಿ ತೆರೀತದ ಅಂತ ತಿಳಕೊಂಡಿದ್ದೆ. ಮೊದಲು ಅದು ಮೆತ್ತಗಾಗಬೇಕ್ರಿ, ಆಮ್ಯಾಲ ನೋವಿಗೆ ತೆರಕೊಳ್ತದ, ಗಟ್ಟಿ ಇದ್ದಾಗ ಎಷ್ಟು ಹಿಂಡಿದ್ರೂ ಉಪಯೋಗ ಇಲ್ಲ. ನಮ್ಮ ತಂಗಿ ನರ್ಸಿಂಗ್ ಓದ್ತಾಳ, ಅಕಿನೇ ಕುಂದರಿಸಿ ಹೇಳಿದ್ಳು. ಆ ಬಾಯಿ ತುಂಬ ಕೊಲಾಜನ್ ಅನ್ನೋ ಗಟ್ಟಿ ನಾರು, ಒಂಬತ್ತು ತಿಂಗಳು ಕೂಸಿನ್ನ ಹಿಡದಿಡೋದು ಅದೇ. ಕೊನೀಗೆ ಹಾರ್ಮೋನ್ ಬದಲಾಗಿ ನಾರಿನ ಹೆಣಿಗಿ ಸಡ್ಲಾಗ್ತದ, ನೀರಿನಂಶ ಹೆಚ್ಚಾಗ್ತದ, ಮ್ಯಾಕ್ರೋಫೇಜ್ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ ಬಂದು ಸೇರ್ತಾವ, ನಾರು ಕತ್ತರಿಸೋ ಎನ್‌ಜೈಮ್ ಅವುಗಳ ಹತ್ರ ಇರ್ತಾವ. ಮೆತ್ತಗ ಮಾಡೋದೇ ನ್ಯೂಟ್ರೋಫಿಲ್ ಅಂತ ಮೊದಲು ಅಂದಕೊಂಡಿದ್ರಂತ, ಇಲಿಗಳಾಗ ಅವನ್ನ ಕಮ್ಮಿ ಮಾಡಿ ನೋಡಿದ್ರೂ ಬಾಯಿ ಮೆತ್ತಗಾತು. ಹಡದ ಮ್ಯಾಲ ಅಲ್ಲಿ ರಿಪೇರಿ ನಡಿಯೋ ಹೊತ್ತಿಗೇ ಅವು ಜಾಸ್ತಿ ಬರೋದು.

ಹಿಂಗಿದ್ದಾಗ ಕಷಾಯ ಕುಡದು ಇಮ್ಯುನಿಟಿ ಹೆಚ್ಚು ಮಾಡ್ತೀನಿ ಅಂದ್ರ, ಆ ಕಣಕ್ಕ ಗರ್ಭಕೋಶದ ಬಾಯಿಗೇ ಹೋಗು ಅಂತ ಅಡ್ರೆಸ್ ಬರದು ಕಳಸ್ತೀರೇನು? 14 ಸಾವಿರಕ್ಕೂ ಹೆದರಬ್ಯಾಡ್ರಿ, ಬಸುರಿದ್ದಾಗ ಅಷ್ಟು ಏರ್ತದ, ನೋವಿನ ಟೈಮಿಗೆ 20 ಸಾವಿರ ದಾಟೋದೂ ಉಂಟು. ಜ್ವರ ಬಂದ್ರ ಮಾತ್ರ ಬ್ಯಾರೆ ಮಾತು.

ನಂಗ ಸಲೈನ್ ಏರಿಸಿ ಹನ್ನೆರಡು ದಿನಕ್ಕ, ರೊಟ್ಟಿ ಬಡೀತಾ ಕುಂತಾಗ ನೋವು ಬಂತು, ಹಿಟ್ಟಿನ ಕೈ ಹಂಗೇ ಇಟ್ಕೊಂಡು ಹೋದ್ರ ಆಗಲೇ 4 ಸೆಂಟಿಮೀಟರ್. ನಿಮಗ ತಡಾ ಆದ್ರ ಡಾಕ್ಟರೇ ನೋಡಿ ಜೆಲ್ ಇಡ್ತಾರ, ಅದರಾಗಿನ ಪ್ರೊಸ್ಟಾಗ್ಲಾಂಡಿನ್ ಬಾಯಿ ಮೆತ್ತಗ ಮಾಡ್ಲಾಕೇ ಇರೋದು. ನೀರು ಹೋದ್ರ, ರಕ್ತ ಕಂಡ್ರ, ಕೂಸಿನ ಮಿಸುಕಾಟ ಕಮ್ಮಿ ಆದ್ರ ಯಾವ ಕಾಕುನ್ನೂ ಕೇಳಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗ್ರಿ.