ಸಾಂತಿಯಾಗೋಗೆ ಬರುವ ಮುಂಚೆ ಎರಡು ‘ಓನ್ಸೆ’ ಗೊತ್ತಿರಲಿ

ಅಕ್ಕಾ ಅಂತ ಬರೆದಿದ್ದೀರಿ, ಹಾಗಾಗಿ ಅಕ್ಕನ ಸಲುಗೆಯಲ್ಲೇ ಉತ್ತರ ಬರೆಯುತ್ತೇನೆ. ದಾವಣಗೆರೆಯಿಂದ ಸೀದಾ ಚಿಲಿಯ ರಾಜಧಾನಿ ಸಾಂತಿಯಾಗೋಗೆ, ಅದೂ ತಾಮ್ರದ ಗಣಿಗಳಿಗೆ ಸಾಫ್ಟ್‌ವೇರ್ ಮಾಡುವ ಕೆಲಸಕ್ಕೆ ಬರುತ್ತಿದ್ದೀರಿ. ಖುಷಿಯಾಯಿತು. ನೀವು ಕೇಳಿದ್ದು ಮೂರು ಪ್ರಶ್ನೆ. ಊಟಕ್ಕೆ ಏನು ಮಾಡುವುದು? ಸಂಬಳದಲ್ಲಿ ಏನೇನು ಕಡಿತ ಆಗುತ್ತದೆ? ಅಲ್ಲಿ ಬೀದಿ ಗಲಾಟೆ ಜಾಸ್ತಿಯಂತೆ, ಆಫೀಸಿನಲ್ಲಿ ರಾಜಕೀಯ ಎತ್ತಬಾರದಂತೆ, ನಿಜಾನಾ?

ಊಟದ್ದು ಬೇಗ ಮುಗಿಸುತ್ತೇನೆ. ಅಕ್ಕಿ ಧಾರಾಳ. ಮಸೂರ್ ಥರದ ಬೇಳೆಯನ್ನು ಇಲ್ಲಿನವರೇ ಇಷ್ಟಪಟ್ಟು ತಿನ್ನುತ್ತಾರೆ. ತೊಗರಿಬೇಳೆ ಹುಡುಕಬೇಕು. ಸಾರಿನ ಪುಡಿ ಊರಿಂದಲೇ ತನ್ನಿ, ಆದರೆ ವಿಮಾನ ನಿಲ್ದಾಣದ ಫಾರಂನಲ್ಲಿ ಅದನ್ನು ಬರೆದುಕೊಡಿ. ಬೀಜ, ಕಾಳು, ಹಣ್ಣು ವಿಷಯದಲ್ಲಿ ಇಲ್ಲಿ ತುಂಬಾ ಕಟ್ಟುನಿಟ್ಟು. ಬಚ್ಚಿಟ್ಟರೆ ದಂಡ.

ಮೂರನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಕೂತು ಉತ್ತರಿಸಬೇಕು.

ನಾನು ಬಂದದ್ದು 2011ರಲ್ಲಿ. ಮನೆ ಮಾಲಕಿ ಎಪ್ಪತ್ತು ದಾಟಿದ ಅಜ್ಜಿ. ಮೊದಲ ವಾರವೇ ‘ಓನ್ಸೆಗೆ ಬಾ’ ಅಂತ ಕರೆದರು. ಸ್ಪ್ಯಾನಿಷ್‌ನಲ್ಲಿ ಓನ್ಸೆ ಅಂದರೆ ಹನ್ನೊಂದು. ನಾನು ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಹೋಗಿ ಬೆಲ್ ಒತ್ತಿದೆ. ಅಜ್ಜಿ ಇನ್ನೂ ನೈಟಿಯಲ್ಲಿದ್ದರು. ಚಿಲಿಯಲ್ಲಿ ಓನ್ಸೆ ಅಂದರೆ ಸಂಜೆಯ ಚಹಾ, ಜೊತೆಗೆ ಬ್ರೆಡ್ಡು, ಹಿಸುಕಿದ ಬೆಣ್ಣೆಹಣ್ಣು. ಸೆಪ್ಟೆಂಬರ್ ಬಂದಾಗ ಅದೇ ಅಜ್ಜಿ, ‘ಭಾನುವಾರ ಓನ್ಸೆ, ಕತ್ತಲಾದ ಮೇಲೆ ಹೊರಗೆ ಕಾಲಿಡಬೇಡ’ ಅಂದರು. ಚಹಾ ಕುಡಿಯುವುದಕ್ಕೆ ಇಷ್ಟು ಹೆದರಿಕೆ ಯಾಕೆ ಅಂದುಕೊಂಡೆ. ಆ ಓನ್ಸೆ ಬೇರೆ. ಅದು ಸೆಪ್ಟೆಂಬರ್ 11, 1973ರ ಸೇನಾ ದಂಗೆಯ ದಿನ. ಪ್ರತಿ ವರ್ಷ ಆ ರಾತ್ರಿ ಬೀದಿಯಲ್ಲಿ ಗಲಾಟೆ ಆಗಬಹುದು.

1970ರಲ್ಲಿ ಸಾಲ್ವಡಾರ್ ಅಯೆಂಡೆ ಎಂಬ ಸಮಾಜವಾದಿ ಇಲ್ಲಿ ಅಧ್ಯಕ್ಷರಾದರು. ತ್ರಿಕೋನ ಸ್ಪರ್ಧೆ, ಅವರಿಗೆ ಬಿದ್ದದ್ದು ಸುಮಾರು 36 ಪರ್ಸೆಂಟ್ ಮತ. ಮುಂದಿನ ವರ್ಷ ಅಮೆರಿಕನ್ ಕಂಪನಿಗಳ ಕೈಯಲ್ಲಿದ್ದ ದೊಡ್ಡ ತಾಮ್ರದ ಗಣಿಗಳನ್ನು ದೇಶದ ಆಸ್ತಿ ಮಾಡಿದರು. ಸಂಸತ್ತಿನಲ್ಲಿ ಒಬ್ಬರೂ ವಿರೋಧಿಸಲಿಲ್ಲ. ಆಮೇಲೆ ಬೆಲೆ ಏರಿತು, ಅಂಗಡಿ ಖಾಲಿಯಾಯಿತು, 1972ರಲ್ಲಿ ಲಾರಿ ಮಾಲೀಕರ ಮುಷ್ಕರ, ಹಿಂದಿನಿಂದ ಅಮೆರಿಕದ ಗುಪ್ತಚರರ ಹಣ. 1973ರ ಸೆಪ್ಟೆಂಬರ್ 11ರಂದು ವಾಯುಸೇನೆಯ ಹಂಟರ್ ವಿಮಾನಗಳು ತಮ್ಮದೇ ದೇಶದ ಅಧ್ಯಕ್ಷರ ಅರಮನೆ ಲಾ ಮೊನೇಡಾ ಮೇಲೆ ಬಾಂಬು ಹಾಕಿದವು. (1971ರ ಯುದ್ಧದಲ್ಲಿ ಲೊಂಗೇವಾಲಾದಲ್ಲಿ ನಮ್ಮವರು ಹಾರಿಸಿದ್ದೂ ಹಂಟರ್‌ಗಳನ್ನೇ.) ಅಯೆಂಡೆ ಅರಮನೆಯೊಳಗೇ ತೀರಿಕೊಂಡರು. ದಂಗೆಯ ನಾಯಕ, ಸೇನಾ ಮುಖ್ಯಸ್ಥ ಜನರಲ್ ಪಿನೋಚೆ 1990ರ ಮಾರ್ಚ್ ತನಕ ಆಳಿದರು. ಕೊಲೆಯಾದವರು, ಕಾಣೆಯಾದವರು ಮೂರು ಸಾವಿರಕ್ಕೂ ಹೆಚ್ಚು. ಚಿತ್ರಹಿಂಸೆ ಅನುಭವಿಸಿದವರು ಹತ್ತಾರು ಸಾವಿರ.

ಇದೆಲ್ಲ ಎಲ್ಲಿ ಬೇಕಾದರೂ ಓದಲು ಸಿಗುತ್ತದೆ. ನಿಮಗೆ ಬೇಕಾದದ್ದು ಬೇರೆ: ಎದುರಿಗೆ ಕೂತವರು ಯಾವ ಕಡೆಯವರು ಅಂತ ತಿಳಿಯುವುದು ಹೇಗೆ? ಪದ ಕೇಳಿಸಿಕೊಳ್ಳಿ. ‘ಗೋಲ್ಪೆ’ ಅಂದರೆ ಸೇನಾ ದಂಗೆ. ಅದನ್ನೇ ಕೆಲವರು ‘ಪ್ರೊನುನ್ಸಿಯಾಮಿಯೆಂತೊ’ ಅನ್ನುತ್ತಾರೆ, ಸೇನೆ ತನ್ನ ನಿಲುವು ಹೇಳಿತು ಅನ್ನುವ ಹಾಗೆ. ಒಬ್ಬರು ‘ದಿಕ್ತಾದುರಾ’ ಅಂತ ನೇರವಾಗಿ ಸರ್ವಾಧಿಕಾರ ಅನ್ನುತ್ತಾರೆ, ಇನ್ನೊಬ್ಬರಿಗೆ ಅದು ‘ಮಿಲಿಟರಿ ಸರ್ಕಾರ’. ನಾನು ಬಂದ ಮರುವರ್ಷ ಪ್ರಾಥಮಿಕ ಶಾಲೆಯ ಪಠ್ಯದಲ್ಲಿ ಸರ್ವಾಧಿಕಾರ ಅನ್ನುವ ಬದಲು ಮಿಲಿಟರಿ ಆಡಳಿತ ಅಂತ ಬರೆಯಲು ಹೊರಟರು. ದೇಶವೆಲ್ಲ ಜಗಳ. ಪಠ್ಯಪುಸ್ತಕದ ಜಗಳ ನಮಗೇನು ಹೊಸದಲ್ಲ ಬಿಡಿ.

ಇದು ನನಗೆ ಗೊತ್ತಾಗುವ ಮುಂಚೆಯೇ ಎಡವಟ್ಟು ಮಾಡಿಕೊಂಡಿದ್ದೆ. ಆಗಿನ ಆಫೀಸಿನ ಊಟದ ಟೇಬಲ್ಲಿನಲ್ಲಿ, ಸುಮ್ನೆ ಮಾತಿಗೆ, ‘ಪಿನೋಚೆ ಕಾಲದಲ್ಲಿ ಆರ್ಥಿಕ ಸ್ಥಿತಿ ಸುಧಾರಿಸಿತಂತೆ, ಅಲ್ವಾ?’ ಅಂದೆ. ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಂಜೆ ಲಿಫ್ಟ್ ಹತ್ತಿರ ಒಬ್ಬ ಸಹೋದ್ಯೋಗಿ ಮೆಲ್ಲಗೆ, ‘ನನ್ನ ಚಿಕ್ಕಪ್ಪನನ್ನು ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗಿದ್ದರು’ ಅಂದ. ಮರುದಿನ ಇನ್ನೊಬ್ಬಳು ಬಂದು, ದಂಗೆಗೆ ಮುಂಚಿನ ಭೂಸುಧಾರಣೆಯಲ್ಲಿ ತಾತನ ಜಮೀನು ಹೋದ ಕಥೆ ಹೇಳಿದಳು. ಅವರಿಬ್ಬರೂ ಅಕ್ಕಪಕ್ಕದ ಸೀಟಿನವರು. ಮಕ್ಕಳ ಹುಟ್ಟುಹಬ್ಬಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಾರೆ. ಈ ವಿಷಯ ಮಾತ್ರ ಎತ್ತುವುದಿಲ್ಲ. ಎತ್ತಿದವಳು ನಾನು.

ಆ ಸ್ಟೇಡಿಯಂ ಅಂದರೆ ನ್ಯಾಷನಲ್ ಸ್ಟೇಡಿಯಂ. ದಂಗೆಯಾದ ಮೇಲೆ ಸಾವಿರಾರು ಜನರನ್ನು ಅಲ್ಲಿ ಕೂಡಿಹಾಕಿದ್ದರು. ಫುಟ್‌ಬಾಲ್ ನೋಡಲು ನೀವು ಹೋಗೇ ಹೋಗುತ್ತೀರಿ. ಎಲ್ಲ ಕಡೆ ಪ್ಲಾಸ್ಟಿಕ್ ಸೀಟು, ಒಂದು ಕಡೆ ಮಾತ್ರ ಬೇಲಿ ಹಾಕಿದ ಹಳೆಯ ಮರದ ಬೆಂಚುಗಳು. ಸ್ಟೇಡಿಯಂ ತುಂಬಿ ತುಳುಕಿದರೂ ಅಲ್ಲಿ ಯಾರೂ ಕೂರುವುದಿಲ್ಲ. ಕೈದಿಗಳ ನೆನಪಿಗೆ ಹಾಗೇ ಬಿಟ್ಟಿದ್ದಾರೆ. ಚುನಾವಣೆ ದಿನ ಇದೇ ಸ್ಟೇಡಿಯಂ ದೊಡ್ಡ ಮತಗಟ್ಟೆ. ಪೇಪರ್ ಮತಪತ್ರ, ಪೆನ್ಸಿಲ್ಲಿನ ಗೆರೆ. ಸಂಜೆ ಒಂದೊಂದನ್ನೇ ಬಿಚ್ಚಿ ಜೋರಾಗಿ ಓದುತ್ತಾರೆ, ಯಾರು ಬೇಕಾದರೂ ನಿಂತು ನೋಡಬಹುದು. ರಾತ್ರಿ ಊಟದ ಹೊತ್ತಿಗೆ ಗೆದ್ದವರು ಯಾರು ಅಂತ ಗೊತ್ತಾಗಿರುತ್ತದೆ.

ನನಗೆ ಚಿಲಿ ಅರ್ಥವಾದದ್ದು ಇಬ್ಬರು ಹೆಣ್ಣುಮಕ್ಕಳ ಕಥೆಯಿಂದ. ಆಲ್ಬೆರ್ತೊ ಬಾಚೆಲೆಟ್ ಮತ್ತು ಫೆರ್ನಾಂದೊ ಮಟ್ಟೆಯಿ, ಇಬ್ಬರೂ ವಾಯುಸೇನೆಯವರು, ಸ್ನೇಹಿತರು. ಮಕ್ಕಳು ಚಿಕ್ಕಂದಿನಲ್ಲಿ ಒಟ್ಟಿಗೆ ಆಡಿದವರು. ದಂಗೆಗೆ ಒಪ್ಪದ ಬಾಚೆಲೆಟ್ ಚಿತ್ರಹಿಂಸೆ ಅನುಭವಿಸಿ 1974ರಲ್ಲಿ ಜೈಲಿನಲ್ಲಿ ಸತ್ತರು. ಮಟ್ಟೆಯಿ ಮುಂದೆ ವಾಯುಸೇನೆಯ ಮುಖ್ಯಸ್ಥರಾಗಿ ಪಿನೋಚೆಯ ಆಡಳಿತ ಮಂಡಳಿಯಲ್ಲಿ ಕೂತರು. 2013ರ ಅಧ್ಯಕ್ಷ ಚುನಾವಣೆಯ ಕೊನೆಯ ಸುತ್ತಿನಲ್ಲಿ ಎದುರುಬದುರು ನಿಂತವರು ಇವರ ಮಕ್ಕಳೇ, ಮಿಚೆಲ್ ಬಾಚೆಲೆಟ್ ಮತ್ತು ಎವೆಲಿನ್ ಮಟ್ಟೆಯಿ. ಮಿಚೆಲ್ ಗೆದ್ದರು. ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಆದರೆ ಕಥೆಗೆ ಇನ್ನೊಂದು ಮಡಿಕೆ ಇದೆ. 1988ರ ಅಕ್ಟೋಬರ್ 5ರಂದು, ಪಿನೋಚೆ ಇನ್ನೂ ಎಂಟು ವರ್ಷ ಇರಬೇಕೇ ಬೇಡವೇ ಅಂತ ಜನರನ್ನು ಕೇಳಿದಾಗ ಸುಮಾರು 56 ಪರ್ಸೆಂಟ್ ‘ಬೇಡ’ ಅಂದರು. ಸರ್ಕಾರ ಫಲಿತಾಂಶ ಹೇಳದೆ ಎಳೆಯುತ್ತಿದ್ದ ಆ ರಾತ್ರಿ, ಲಾ ಮೊನೇಡಾದ ಬಾಗಿಲಲ್ಲಿ ಪತ್ರಕರ್ತರಿಗೆ ‘ಬೇಡ ಗೆದ್ದಿದೆ’ ಅಂತ ಹೇಳಿದ್ದು ಇದೇ ಜನರಲ್ ಮಟ್ಟೆಯಿ. ಹೀಗಾಗಿ ಇಲ್ಲಿ ಯಾರನ್ನೂ ಬೇಗ ಒಂದು ಡಬ್ಬಿಗೆ ಹಾಕಬೇಡಿ.

ಇನ್ನು ಸಂಬಳದ ಚೀಟಿ. ಅದೂ ಇದೇ ಚರಿತ್ರೆ. ಪಿಂಚಣಿಗೆ ಹತ್ತು ಪರ್ಸೆಂಟ್, ಆರೋಗ್ಯಕ್ಕೆ ಏಳು ಪರ್ಸೆಂಟ್ ಹೋಗುತ್ತದೆ. ಪಿಂಚಣಿ ಹಣ ಎಎಫ್‌ಪಿ ಎಂಬ ಖಾಸಗಿ ಕಂಪನಿಗಳ ಕೈಗೆ, ನಿಮ್ಮ ಹೆಸರಿನ ಖಾತೆಗೆ. 1981ರಲ್ಲಿ ಶುರುವಾದದ್ದು. ನಮ್ಮ ಪಿಎಫ್‌ಗೆ ಮಾಲೀಕರೂ ಪಾಲು ಹಾಕುತ್ತಾರೆ. ಇಲ್ಲಿ ಮಾಲೀಕರ ಪಾಲನ್ನು ಮೆಲ್ಲಗೆ ಏರಿಸುವ ಕಾನೂನು ಬಂದದ್ದು 2025ರಲ್ಲಿ. ತಮಾಷೆ ಏನೆಂದರೆ, ಈ ಪದ್ಧತಿ ತಂದ ಸೇನೆ ತಾನು ಮಾತ್ರ ಹಳೆಯ ಪಿಂಚಣಿಯಲ್ಲೇ ಉಳಿಯಿತು. ಟ್ಯಾಕ್ಸಿ ಹತ್ತಿದರೆ ಹತ್ತು ನಿಮಿಷದಲ್ಲಿ ಈ ಮಾತು ಬರುತ್ತದೆ. ನಿಮ್ಮ ತಾಮ್ರದ್ದೂ ಹಾಗೇ. ಅಯೆಂಡೆ ಮಾಡಿದ್ದನ್ನೆಲ್ಲ ಕೆಡವಿದ ಸೇನೆ ಆ ದೊಡ್ಡ ಗಣಿಗಳನ್ನು ವಾಪಸ್ ಕೊಡಲಿಲ್ಲ. 1976ರಲ್ಲಿ ಕೊಡೆಲ್ಕೊ ಎಂಬ ಸರ್ಕಾರಿ ಕಂಪನಿ ಮಾಡಿತು. ಅದರ ರಫ್ತಿನ ಹತ್ತು ಪರ್ಸೆಂಟ್ ಸೀದಾ ಆಯುಧ ಖರೀದಿಗೆ ಹೋಗುತ್ತಿತ್ತು. ಆ ಕಾನೂನು ರದ್ದಾದದ್ದು 2019ರಲ್ಲಿ.

ನೀವು ಟಿವಿಯಲ್ಲಿ ನೋಡಿದ ಗಲಾಟೆಯೂ 2019ರದ್ದೇ ಇರಬೇಕು. ಮೆಟ್ರೊ ಟಿಕೆಟ್ಟಿಗೆ 30 ಪೆಸೊ ಜಾಸ್ತಿ ಮಾಡಿದರು. ಅಕ್ಟೋಬರ್ 18ರ ಸಂಜೆ ಮೆಟ್ರೊ ಸ್ಟೇಷನ್ನುಗಳು ಉರಿದವು. ‘ಇದು 30 ಪೆಸೊ ವಿಷಯವಲ್ಲ, 30 ವರ್ಷದ ವಿಷಯ’ ಅಂತ ಗೋಡೆ ಗೋಡೆಯಲ್ಲಿ. ಪಿನೋಚೆ ಇಳಿದ ಮೇಲಿನ 30 ವರ್ಷ ಅಂತ ಅರ್ಥ. ಕರ್ಫ್ಯೂ ಬಂತು, ರಸ್ತೆಯಲ್ಲಿ ಸೈನಿಕರು. ಆ ರಾತ್ರಿ ಅಜ್ಜಿ ಬಕೆಟ್ಟು, ಪಾತ್ರೆಗಳಿಗೆಲ್ಲ ನೀರು ತುಂಬಿಸಿಟ್ಟರು. ಕಿಟಕಿಯಿಂದ ದೂರ ಕೂರು ಅಂದರು. 1973 ಅವರ ಕೈಯಲ್ಲೇ ಉಳಿದುಬಿಟ್ಟಿತ್ತು. ಅಕ್ಕಪಕ್ಕದ ಮನೆಯವರೆಲ್ಲ ಬಾಲ್ಕನಿಗೆ ಬಂದು ಪಾತ್ರೆ ಬಡಿಯತೊಡಗಿದರು. ಅಜ್ಜಿ ಆಗ ನಕ್ಕು ಹೇಳಿದ್ದು ಇನ್ನೂ ನೆನಪಿದೆ: 1971ರ ಕೊನೆಯಲ್ಲಿ ಅಯೆಂಡೆ ವಿರುದ್ಧ ಖಾಲಿ ಪಾತ್ರೆ ಬಡಿದವರಲ್ಲಿ ಅವರೂ ಒಬ್ಬರು. 1983ರಲ್ಲಿ ಪಿನೋಚೆ ವಿರುದ್ಧವೂ ಬಡಿದರಂತೆ. ಪಾತ್ರೆ ಅದೇನಾ ಅಂತ ಕೇಳಿದೆ. ‘ಅದೇ, ಹಿಡಿ ಮಾತ್ರ ಬದಲಾಯಿಸಿದೆ’ ಅಂದರು. ನಾನೂ ಒಗ್ಗರಣೆ ಸೌಟು ಹಿಡಿದು ನಿಂತೆ, ಬಡಿಯಲಿಲ್ಲ. ಹೊರಗಿನವಳು, ವೀಸಾದ ಭಯ.

ಆಮೇಲೆ ಪಿನೋಚೆ ಕಾಲದ 1980ರ ಸಂವಿಧಾನ ಬದಲಿಸಬೇಕೆಂದು 2020ರಲ್ಲಿ 78 ಪರ್ಸೆಂಟ್ ಜನ ಹೇಳಿದರು. ಎಡದವರು ಬರೆದುಕೊಟ್ಟ ಕರಡನ್ನು 2022ರಲ್ಲಿ ಸುಮಾರು 62 ಪರ್ಸೆಂಟ್ ಜನ ತಿರಸ್ಕರಿಸಿದರು. ಬಲದವರು ಬರೆದದ್ದನ್ನು 2023ರಲ್ಲಿ ತಿರಸ್ಕರಿಸಿದರು. ಹಳೆಯದೇ ತಿದ್ದುಪಡಿಗಳೊಂದಿಗೆ ಉಳಿದಿದೆ. ನಾನು ಬಂದ ವರ್ಷ ವಿದ್ಯಾರ್ಥಿ ಚಳವಳಿಯಲ್ಲಿ ಕೂಗುತ್ತಿದ್ದ ಗಾಬ್ರಿಯೆಲ್ ಬೋರಿಚ್ 35ನೇ ವಯಸ್ಸಿಗೆ ಚುನಾವಣೆ ಗೆದ್ದು ಅಧ್ಯಕ್ಷರಾದರು. 2025ರ ಡಿಸೆಂಬರ್‌ನಲ್ಲಿ ಗೆದ್ದದ್ದು ಹೊಸೆ ಆಂತೋನಿಯೊ ಕಾಸ್ಟ್, 1988ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಪಿನೋಚೆ ಪರ ಪ್ರಚಾರ ಮಾಡಿದವರು. ಲೋಲಕ ಯಾವ ಕಡೆಗೆ ತೂಗಿದರೂ ಮರುದಿನ ಬೆಳಿಗ್ಗೆ ಬೇಕರಿ ಬಾಗಿಲು ತೆಗೆದಿರುತ್ತದೆ, ಸೋತವರು ಗೆದ್ದವರಿಗೆ ಫೋನ್ ಮಾಡಿರುತ್ತಾರೆ.

ಹಾಗಾದರೆ ರಾಜಕೀಯ ಮಾತಾಡಬಹುದಾ? ಮೊದಲ ವರ್ಷ ಕೇಳಿ, ಹೇಳಬೇಡಿ. ನಮ್ಮ ತುರ್ತುಪರಿಸ್ಥಿತಿಯ ಜೊತೆ ಹೋಲಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಕಿಂತಾ ನೊರ್ಮಾಲ್ ಮೆಟ್ರೊ ಪಕ್ಕದಲ್ಲೇ ಸರ್ವಾಧಿಕಾರದಲ್ಲಿ ನೊಂದವರ ನೆನಪಿನ ಮ್ಯೂಸಿಯಂ ಇದೆ, ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಬರುವುದಾದರೆ 12ರ ನಂತರದ ಟಿಕೆಟ್ ತೆಗೆದುಕೊಳ್ಳಿ. 18ಕ್ಕೆ ರಾಷ್ಟ್ರೀಯ ಹಬ್ಬ, ಬೀದಿ ತುಂಬ ಎಂಪನಾದಾ, ಅಂದರೆ ಹೂರಣ ತುಂಬಿದ ಇಲ್ಲಿನ ಕಡುಬು. ಮತ್ತೆ ಸಾರಿನ ಪುಡಿ ನನಗೂ ಎರಡು ಪ್ಯಾಕೆಟ್ ತನ್ನಿ. ಫಾರಂನಲ್ಲಿ ಬರೆಯುವುದು ಮರೆಯಬೇಡಿ.